ಅವ್ವನ್ನ ಯಾರು ನೋಡ್ಕೋತಾರ್ರಿ?

ಜನರ ಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ ಹಿಡಿದವರು ನಗುವುದಕ್ಕೆಂದು ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಕೇಳಿ ಸುಮ್ಮನೆ ಕುಳಿತರೆ ಸಾಕು, ನಗು ಚಹಾದ ಜೊತೆಗೇ ಬರುತ್ತದೆ. ಅದರ ಹಿಂದೆಯೇ ಸಿಟ್ಟೂ ಬರುತ್ತದೆ. ನನ್ನ ವಿಷಯ ಕೇಳಿದರೆ, ಸಿಟ್ಟು ಚಹಾಕ್ಕಿಂತ ಮೊದಲೇ ಬಂದು ಕಟ್ಟೆಯ ಮೇಲೆ ಕುಳಿತಿರುತ್ತದೆ.

ಕೆಲಸ ಇಷ್ಟು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಒಂದು ಸಂಸ್ಥೆಯವರು ಜನಸಂಖ್ಯೆಯ ಸಮೀಕ್ಷೆ ನಡೆಸಿದರು. ಅರವತ್ತು ದಾಟಿದವರು ಮನೆಯಲ್ಲಿ ಇದ್ದಾರೆಯೆ, ಇದ್ದರೆ ಅವರನ್ನು ನೋಡಿಕೊಳ್ಳುವವರು ಯಾರು, ದಿನಕ್ಕೆ ಎಷ್ಟು ತಾಸು, ಅದರಿಂದ ನೋಡಿಕೊಳ್ಳುವವರ ಗತಿ ಏನಾಗಿದೆ ಎಂದು ಕೇಳಿ ಟ್ಯಾಬಿನಲ್ಲಿ ತುಂಬಬೇಕು. ಇಡೀ ಭಾರ ಒಬ್ಬರ ಮೇಲೇ ಬಿದ್ದಿದೆ ಎಂದು ಗೊತ್ತಾದ ಮನೆಗೆ ಸಂಸ್ಥೆ ಒಬ್ಬ ಸಹಾಯಕಿಯನ್ನು ಕಳಿಸುತ್ತದೆ. ದಿನಾ ಅರ್ಧ ದಿನ ಬಂದು ಮುದುಕರನ್ನು ನೋಡಿಕೊಳ್ಳುತ್ತಾಳೆ, ಮನೆಯವರು ಉಸಿರು ಬಿಡಬಹುದು. ಹೀಗಾಗಿ ಆ ಫಾರ್ಮಿನಲ್ಲಿ ಯಾರ ಹೆಸರು ಬೀಳುತ್ತದೆ ಎನ್ನುವುದು ಬರೇ ಹೆಸರಿನ ಮಾತಾಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಹೆಸರು ಹೇಳುವವರಿಗೆ ಗೊತ್ತಿರಲಿಲ್ಲ, ಹೇಳಿದರೂ ಕೇಳಲಿಲ್ಲ.

ದೇವರ ವಯಸ್ಸು

ಮೊದಲನೇ ಫಾರ್ಮನ್ನು ರೂಢಿಯಾಗಲಿ ಎಂದು ಚಿಕ್ಕೋಡಿಯ ನಮ್ಮ ಮನೆಯಲ್ಲೇ ತುಂಬಿದೆ. ಅತ್ತೆಯವರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ಅರ್ಧಕ್ಕೇ ಬಿಟ್ಟು, ಕೈ ಒರೆಸಿಕೊಂಡು, ಟ್ಯಾಬ್ ಹಿಡಿದು ಅವರೆದುರು ಕುಳಿತೆ.

"ಅತ್ತಿ, ದಿನಾ ನಿಮ್ಮನ್ನ ಯಾರು ನೋಡ್ಕೋತಾರ್ರಿ?"

ಅವರು ಒಂದು ಗಳಿಗೆ ವಿಚಾರ ಮಾಡಿದರು. ಎಣ್ಣೆಯ ವಾಸನೆ ನಮ್ಮಿಬ್ಬರ ಮೂಗಿಗೂ ಬರುತ್ತಿತ್ತು.

"ದೇವರು ನೋಡ್ಕೋತಾನವಾ."

"ದೇವರು ಇರಲಿ. ಮನ್ಯಾಗ ಯಾರು?"

"ಮನ್ಯಾಗೂ ಅವನ ಅದಾನಲ್ಲ."

ಟ್ಯಾಬಿನಲ್ಲಿ ಗಂಡ, ಹೆಂಡತಿ, ಮಗ, ಮಗಳು, ಸೊಸೆ ಎಲ್ಲ ಇದ್ದರು, ದೇವರಿರಲಿಲ್ಲ. 'ಇತರೆ' ಒತ್ತಿದೆ. ಅಲ್ಲಿಂದ ಟ್ಯಾಬು ನನ್ನ ಬೆನ್ನು ಹತ್ತಿತು. ಆರೈಕೆ ಮಾಡುವವರ ವಯಸ್ಸೆಷ್ಟು? ಎಷ್ಟನೆಯ ಇಯತ್ತೆಯವರೆಗೆ ಓದಿದ್ದಾರೆ? ದಿನಕ್ಕೆ ಎಷ್ಟು ತಾಸು?

"ಇಪ್ಪತ್ನಾಕೂ ತಾಸು," ಎಂದರು ಅತ್ತೆಯವರು. ಟ್ಯಾಬು ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿತು.

ಕೊನೆಯ ಪ್ರಶ್ನೆ ಓದಿದೆ: "ನಿಮ್ಮನ್ನ ನೋಡ್ಕೊಳ್ಳೋರಿಗೆ ಹಿಂದಕ ಯಾವಾಗ ಒಂದ ದಿನಾ ರಜಾ ಸಿಕ್ಕಿತ್ತ್ರಿ?"

ಅತ್ತೆಯವರು ನನ್ನ ಮುಖವನ್ನೇ ನೋಡಿದರು. ಈಗಲಾದರೂ ಹೊಳೆಯಿತೇನೋ ಎಂದು ನಾನೂ ಆಸೆಯಿಂದ ನೋಡಿದೆ.

"ಅದನ್ನೆಲ್ಲಾ ಆಮ್ಯಾಲ ಬರಕೋ. ಈ ಮೊಣಕಾಲು ಹಂಗ ಉಳದೈತಿ ನೋಡು, ಮೊದಲ ಅದಕ್ಕ ಎಣ್ಣಿ ಹಚ್ಚು."

ಜುಗೂಳದ ಯಜಮಾನರು

ಮನೆಯ ಫಾರ್ಮನ್ನು ಅಳಿಸಿ ಹಾಕಿ ಮರುದಿನ ನಿಜವಾದ ಕೆಲಸಕ್ಕೆ ಹೊರಟೆ. ಕೃಷ್ಣಾ ಹೊಳೆಯ ದಂಡೆಯ ಜುಗೂಳದಲ್ಲಿ ಒಂದು ಮನೆ. ಪಡಸಾಲೆಯಲ್ಲಿ ಯಜಮಾನರು ಕುಳಿತಿದ್ದರು. ಐವತ್ತರ ಆಸುಪಾಸು, ಬಿಳೀ ಅಂಗಿ, ಕೈಯಲ್ಲಿ ಅಡಕೊತ್ತು. ಒಳಗಿನ ಕೋಣೆಯಲ್ಲಿ ಅವರ ತಾಯಿ. ಲಕ್ವ ಹೊಡೆದು ಒಂದು ಕಡೆಯ ಕೈಕಾಲು ಬಿದ್ದು ಮೂರು ವರ್ಷವಾಗಿತ್ತು.

"ಅವ್ವನ್ನ ಯಾರು ನೋಡ್ಕೋತಾರ್ರಿ?"

"ಮತ್ತ ಯಾರ್ರಿ ಬಾಯಾರ? ನಾನ. ಒಬ್ಬನ ಮಗಾ ಅದೀನಿ."

"ದಿನಕ್ಕ ಎಷ್ಟು ಗುಳಿಗಿ ತಗೋತಾರ್ರಿ?"

ಯಜಮಾನರು ಕತ್ತು ಒಳಗೆ ತಿರುಗಿಸಿದರು. "ಏ, ಅವ್ವ ಎಷ್ಟ ಗುಳಿಗಿ ತಗೋತಾಳ?"

ಒಳಗಿನಿಂದ ಹೆಂಗಸಿನ ದನಿ ಬಂತು: "ಮುಂಜಾನೆ ಮೂರು, ಸಂಜಿಕ ಎರಡು."

"ಮುಂಜಾನೆ ಮೂರು, ಸಂಜಿಕ ಎರಡು," ಎಂದು ಯಜಮಾನರು ನನಗೆ ತಲುಪಿಸಿದರು.

ಏನು ಉಣ್ಣುತ್ತಾರೆ? ಕತ್ತು ಒಳಗೆ. ಮಗ್ಗುಲು ಎಷ್ಟು ಸಲ ಬದಲಿಸಬೇಕು? ಕತ್ತು ಒಳಗೆ. ಬೆನ್ನಿಗೆ ಹುಣ್ಣಾಗಿದೆಯೆ? ಕತ್ತು ಒಳಗೆ. ತಾಯಿಯ ಸೇವೆಯಲ್ಲಿ ಅವರಿಗೆ ನಿಜವಾಗಿ ನೋವಾಗಿದ್ದರೆ ಅದು ಕತ್ತಿಗೆ.

ದಿನಕ್ಕೆ ಎಷ್ಟು ತಾಸು ಎಂದು ಕೇಳುವ ಹೊತ್ತಿಗೆ ಆ ದನಿಯೇ ಚಹಾ ಹಿಡಿದು ಹೊರಗೆ ಬಂತು. ನನಗಿಂತ ಐದಾರು ವರ್ಷ ಚಿಕ್ಕವಳು. ಒಂದು ಕೈಯಲ್ಲಿ ತಾಟು, ಇನ್ನೊಂದು ಕೈ ಹೊಟ್ಟೆಯ ಕೆಳಗೆ ಒತ್ತಿ ಹಿಡಿದಿತ್ತು.

"ನಾಕಕ್ಕ ಏಳ್ತೀನ್ರಿ ಅಕ್ಕಾರ. ಹನ್ನೊಂದಕ್ಕ ಮಲಗ್ತೀನಿ. ನಡುವ ಅತ್ತಿದ ನಡದಿರ್ತೈತಿ."

"ಹತ್ತೊಂಬತ್ತು ತಾಸು ಅಂತ ಬರಕೊಳ್ರಿ," ಎಂದರು ಯಜಮಾನರು. ಲೆಕ್ಕದಲ್ಲಿ ಚುರುಕು.

ಹೊಟ್ಟೆಗೆ ಏನಾಗಿದೆ ಎಂದು ಆಕೆಯನ್ನು ಕೇಳಿದೆ. "ಹರ್ನಿಯಾ ಅಂದಾರ್ರಿ ಮಿರಜಿನ ಡಾಕ್ಟರು. ಭಾರ ಎತ್ತಬ್ಯಾಡ, ಲಗೂನ ಆಪರೇಷನ್ ಮಾಡ್ಸು ಅಂದಾರ. ಎರಡ ವರ್ಷ ಆತು. ಆಪರೇಷನ್ ಆದ ಮ್ಯಾಲ ಒಂದ ತಿಂಗಳಾ ಏನೂ ಎತ್ತಬಾರದಂತ. ಅತ್ತಿನ್ನ ಮತ್ತ ಯಾರು ಎತ್ತಬೇಕ್ರಿ? ದಿನಕ್ಕ ಎಂಟ ಸಲ ಎತ್ತಿ ಮಗ್ಗಲಾ ಹಾಕ್ತೀನಿ."

ನನಗೆ ಪ್ರಾಣ ಬಂದಂತಾಯಿತು. ಸಹಾಯಕಿಯನ್ನು ಕಳಿಸುವುದು ಇಂಥ ಮನೆಗೇ. "ಯಜಮಾನರ, ಹೆಸರು ಇವ್ರದ ಹಾಕ್ಲೇನ್ರಿ? ಕೆಲಸದಾಕಿ ಬರ್ತಾಳ. ಇವರು ಆಪರೇಷನ್ ಮಾಡಿಸ್ಕೋಬಹುದು."

ಯಜಮಾನರು ಅಡಕೊತ್ತು ಕೆಳಗಿಟ್ಟರು. ದಡ್ಡಿಗೆ ತಿಳಿಸಿ ಹೇಳುವ ದನಿಯಲ್ಲಿ ಶುರು ಮಾಡಿದರು:

"ಬಾಯಾರ, ನೀವು ಸಾಲಿ ಕಲತವ್ರು. ಕಾರಖಾನಿಗಿ ಕಬ್ಬು ಹೋಗ್ತೈತಿ. ಕಡ್ಯಾವ್ರು ಗ್ಯಾಂಗಿನವ್ರು, ಹೇರಾವ್ರು ಗ್ಯಾಂಗಿನವ್ರು. ಆದ್ರ ಕಬ್ಬು ಯಾರ ಹೆಸರಲೆ ಹೋಗ್ತೈತ್ರಿ? ಹೊಲದ ಮಾಲಕನ ಹೆಸರಲೆ. ಹೌದಿಲ್ಲೊ? ಹಂಗ ಅವ್ವ ಯಾರ ಅವ್ವ? ನನ್ನ ಅವ್ವ. ನನ್ನ ಹೆಸರ ಹಾಕ್ರಿ."

ಮನೆಯ ಯಜಮಾನರು ಹೇಳಿದ್ದನ್ನೇ ಬರೆಯಬೇಕೆಂಬುದು ನಮಗೆ ಹಾಕಿಕೊಟ್ಟ ನಿಯಮ. ಬರೆದೆ. ನಿಮ್ಮ ಸಹಿ ಬೇಕು ಎಂದು ಟ್ಯಾಬ್ ಮುಂದೆ ಹಿಡಿದೆ. 'ತಾಯಿಯ ಆರೈಕೆಯ ಮುಖ್ಯ ಹೊಣೆ ನನ್ನದು' ಎಂಬ ಸಾಲಿನ ಕೆಳಗೆ ಬೆರಳಿನಿಂದ ದೊಡ್ಡದಾಗಿ ಸಹಿ ಎಳೆದು, ಯಜಮಾನರು ಎದ್ದು ನಿಂತರು.

"ಇನ್ನೇನರ ಪ್ರಶ್ನೆ ಉಳದಿದ್ರ ಆಕೀನ್ನ ಕೇಳ್ರಿ. ನನಗ ಅದರೊಳಗಿಂದು ಏನೂ ಗೊತ್ತಿಲ್ಲ."

ಅರ್ಧ ತಾಸು

ಗಂಡಸರ ಮೇಲೆ ಸಿಟ್ಟಾಗಿ, ಇನ್ನು ಮುಂದೆ ಹೆಂಗಸರನ್ನೇ ಕೇಳುವುದೆಂದು ನಿರ್ಧರಿಸಿಕೊಂಡು ರಾಯಬಾಗ ತಾಲೂಕಿನ ಪಾಲಬಾವಿಗೆ ಹೋದೆ. ಯಜಮಾನ ಹೊಲಕ್ಕೆ ಹೋಗಿದ್ದ. ಸೊಸೆ ಬಚ್ಚಲ ಕಲ್ಲಿನ ಮೇಲೆ ಮಾವನ ಹಾಸಿಗೆಯ ಬಟ್ಟೆ ಹಾಕಿ ಬಡಿಯುತ್ತಿದ್ದಳು. ಆ ಬಡಿತಕ್ಕೆ ಬಚ್ಚಲ ಗೋಡೆ ನಡುಗುತ್ತಿತ್ತು.

"ಏನ್ ಕೆಲಸ ಮಾಡ್ತಿ ತಂಗಿ?"

"ಏನೂ ಇಲ್ರಿ. ಮನ್ಯಾಗ ಇರ್ತೀನಿ." ದಪ್ಪ್ ಎಂದು ಇನ್ನೊಂದು ಪೆಟ್ಟು.

"ಮಾವನ್ನ ನೋಡ್ಕೋಳ್ಳಾಕ ದಿನಕ್ಕ ಎಷ್ಟು ತಾಸು ಹಿಡೀತೈತಿ?"

"ಅರ್ಧಾ ತಾಸು."

ನಾನು ಟ್ಯಾಬ್ ಕೆಳಗಿಟ್ಟೆ. "ಅರ್ಧಾ ತಾಸೇನು? ಉಣಸೂದು?"

"ಅದು ಅಡಗಿ ಕೆಲಸದಾಗ ಬಂತಲ್ರಿ."

"ಜಳಕಾ?"

"ಹೆಂಗೂ ನೀರು ಕಾಸಿರ್ತೀನಿ."

"ಈ ಬಟ್ಟಿ?"

"ಎಲ್ಲಾರದೂ ಒಗೀತೀನ್ರಿ, ಅವ್ರದ ಹೆಚ್ಚಿರ್ತಾವ, ಅಷ್ಟ."

"ದವಾಖಾನಿಗಿ ಕರಕೊಂಡ ಹೋಗೂದು?"

"ಹಾರೂಗೇರಿ ಸಂತಿಗಿ ಹೋದಾಗ ಹಂಗ ಕರಕೊಂಡ ಹೋಗಿರ್ತೀನಿ."

ಹೀಗೆ ಆಕೆ ತನ್ನ ದಿನವನ್ನೆಲ್ಲ ಬೇರೆ ಬೇರೆ ಗಂಟುಗಳಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟುಬಿಟ್ಟಳು. ನನ್ನ ಫಾರ್ಮಿಗೆ ಒಂದು ತಾಸೂ ಸಿಗಲಿಲ್ಲ. ನನಗೆ ಅತ್ತುಬಿಡಬೇಕು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಆ ಒಗೆಯುವ ಬಟ್ಟೆ ಕಿತ್ತುಕೊಂಡು ಯಾರನ್ನಾದರೂ ಬಡಿಯಬೇಕು ಅನ್ನಿಸಿತು.

"ಹಂಗಾದ್ರ ಆ ಅರ್ಧಾ ತಾಸು ಯಾವುದು?"

"ಮಧ್ಯಾಹ್ನದಾಗ ಮಾವ ತಮ್ಮ ಕುಸ್ತಿ ಹಿಡದ ಕಥಿ ಹೇಳ್ತಾರ್ರಿ. ಕೇಳಕೋತ ಅವರ ಬಾಜೂಕ ಕೂತಿರ್ತೀನಿ." ಆಕೆ ಒಂದು ಗಳಿಗೆ ಬಡಿಯುವುದನ್ನು ನಿಲ್ಲಿಸಿ ನಾಚಿಕೊಂಡಳು. "ಸುಮ್ನ ಕೂಡೂದನ್ನೂ ಹಿಡಿಬಾರದ್ರಿ ಖರೆ. ಆ ಅರ್ಧಾ ತಾಸೂ ತಗದ ಹಾಕ್ರಿ ಅಕ್ಕಾರ."

ಮೂವತ್ತೊಂದನೇ ತಾರೀಕು

ನಿಪ್ಪಾಣಿಯ ಒಂದು ಓಣಿಯಲ್ಲಿ ಎದುರುಬದುರಾಗಿ ಅಣ್ಣತಮ್ಮಂದಿರ ಮನೆ. ನಡುವೆ ಒಂದು ಕಟ್ಟೆ. ಕಟ್ಟೆಯ ಮೇಲೆ ಒಬ್ಬ ಅಜ್ಜಿ, ಪಕ್ಕಕ್ಕೆ ಒಂದು ಕೈಚೀಲ. ಬಸ್ಸಿಗೆ ಕಾಯುವವರ ಹಾಗೆ ಕುಳಿತಿದ್ದಳು.

ಅಣ್ಣನ ಬಾಗಿಲು ಬಡಿದೆ. "ಮನ್ಯಾಗ ವಯಸ್ಸಾದವರು ಅದಾರೇನ್ರಿ?"

"ಇಲ್ರಿ."

"ಈ ಆಯಿ?"

"ನಮ್ಮ ಆಯೀನ. ಖರೆ ನಮ್ಮ ಪಾಳಿ ನಿನ್ನಿಗಿ ಮುಗೀತ್ರಿ. ತಮ್ಮನ ಮನ್ಯಾಗ ಬರಕೊಳ್ರಿ."

ಎದುರಿಗೆ ದಾಟಿದೆ. ತಮ್ಮ ಹಲ್ಲುಜ್ಜುತ್ತ ಹೊರಗೆ ಬಂದ. "ನಮ್ಮ ಪಾಳಿ ನಾಳೆ ಒಂದನೇ ತಾರೀಕಿಂದರಿ. ಹದಿನೈದ ದಿನಾ ನಮ್ಮಲ್ಲಿ, ಹದಿನೈದ ದಿನಾ ಅವ್ರಲ್ಲಿ. ಪಂಚರು ಕೂತು ಮಾಡಿದ್ದು."

"ಇವತ್ತು?"

"ಇವತ್ತು ಮೂವತ್ತೊಂದಲ್ರಿ." ಇದಕ್ಕಿಂತ ಸರಳವಾಗಿ ಹೇಳುವುದಕ್ಕೆ ಆಗುವುದಿಲ್ಲ ಎನ್ನುವ ಹಾಗೆ ನೋಡಿದ.

ಹೆತ್ತ ತಾಯಿಯನ್ನು ಪಂಚರು ಹಂಚಿದರು, ಸರಿ. ಹಂಚುವಾಗ ತಿಂಗಳಿಗೆ ಮೂವತ್ತೇ ದಿನ ಹಿಡಿದರು. ಉಳಿದ ಆ ಒಂದು ದಿನ ವರ್ಷಕ್ಕೆ ಏಳು ಸಲ ಓಣಿಯ ನಡುವೆ ಕಟ್ಟೆಯ ಮೇಲೆ ಬಂದು ಕೂರುತ್ತಿತ್ತು. ಅದಕ್ಕೆ ಯಾರೂ ವಾರಸುದಾರರಿರಲಿಲ್ಲ. ಇಬ್ಬರನ್ನೂ ಕಟ್ಟೆಗೆ ಕರೆದು, ನನಗೆ ಬರುವ ಕನ್ನಡ ಮರಾಠಿ ಎರಡರಲ್ಲೂ ಝಾಡಿಸಿದೆ. ಇಬ್ಬರೂ ಶಾಂತವಾಗಿ ಕೇಳಿದರು. "ನೀವು ಅನ್ನೂದು ಬರೋಬರ್ ಐತ್ರಿ," ಎಂದ ಅಣ್ಣ, "ಅವಗ ಹೇಳ್ರಿ." "ಬರೋಬರ್ ಐತಿ," ಎಂದ ತಮ್ಮ, "ಅಣ್ಣಗ ಹೇಳ್ರಿ."

ಅವರು ಒಳಗೆ ಹೋದ ಮೇಲೆ ಅಜ್ಜಿಯನ್ನು ಕೇಳಿದೆ, "ಆಯೀ, ಇವತ್ತು ಉಣ್ಣೂದು ಎಲ್ಲಿ?"

ಅಜ್ಜಿ ಎರಡೂ ಬಾಗಿಲು ನೋಡಿ ದನಿ ಇಳಿಸಿದಳು. "ಸೊಸೆಂದ್ರು ಚಲೋ ಅದಾರವಾ. ಗಂಡಗ ಗೊತ್ತಾಗದಂಗ ದೊಡ್ಡಾಕಿ ಸೆರಗಿನಾಗ ಭಕ್ರಿ ತರ್ತಾಳ. ನೆಗೆಣ್ಣಿಗೆ ಗೊತ್ತಾಗದಂಗ ಸಣ್ಣಾಕೀನೂ ತರ್ತಾಳ. ಮೂವತ್ತೊಂದಕ್ಕ ನನಗ ಎರಡೆರಡ ಊಟ."

"ಮಕ್ಕಳು?"

"ಅವ್ರಿಗೂ ಮಾಯಾ ಐತಿ. ಫೆಬ್ರುವರಿ ಬಂತಂದ್ರ ನೋಡಬೇಕ ಅವ್ರನ್ನ. ದಿನಾ ಕಡಿಮಿ ಇರ್ತಾವಲ್ಲ, ಇಬ್ರೂ ಭಾಳ ಪ್ರೀತೀಲೆ ಮಾತಾಡ್ತಾರ."

ಸಣ್ಣ ಅಕ್ಷರದಾಗ ಬರೀರಿ

ಅಥಣಿಯಲ್ಲಿ ಒಬ್ಬ ದರ್ಜಿ. ಮುಂದೆ ಹೊಲಿಗೆಯ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಪರದೆ ಸರಿಸಿದೆ. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಆತ ತನ್ನ ಮುದಿ ತಾಯಿಯ ಕೂದಲು ಬಾಚಿ ಜಡೆ ಹೆಣೆಯುತ್ತಿದ್ದ. ಮರೆವಿನ ರೋಗದ ಆ ತಾಯಿ ಪುಟ್ಟ ಹುಡುಗಿಯ ಹಾಗೆ ಕತ್ತು ನೇರ ಮಾಡಿ ಕುಳಿತಿದ್ದರು. ನನ್ನನ್ನು ಕಂಡದ್ದೇ ತಡ, ಆತ ಬಾಚಣಿಗೆಯನ್ನು ಕಿಸೆಗೆ ಸೇರಿಸಿ ಎದ್ದು ನಿಂತ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖ.

"ಅಮ್ಮನ್ನ ಯಾರು ನೋಡ್ಕೋತಾರ್ರಿ?"

"ನಮ್ಮ ಮನಿಯವ್ರು ನೋಡ್ಕೋತಾರ್ರಿ ಮೇಡಂ."

ಒಳಗಿನಿಂದ ಹೆಂಡತಿ ನಕ್ಕಳು. "ಯಾ ಅಲ್ಲಾ, ಎಷ್ಟ್ ಸುಳ್ಳ ಹೇಳ್ತಾರ ನೋಡ್ರಿ! ಅಮ್ಮಾ ನನ್ನ ಕೈಲೆ ಒಂದ ತುತ್ತೂ ತಗೊಳ್ಳೂದಿಲ್ರಿ. ಉಣಸೂದು, ತೊಳೆಯೂದು, ಎಲ್ಲಾ ಇವರ. ನಾ ಕಾಜಾ ಗುಂಡಿ ಹಚ್ಚತೀನಿ."

ದರ್ಜಿ ಹಣೆ ಒರೆಸಿಕೊಂಡ. "ಮೇಡಂ, ದುಕಾನಕ್ಕ ಹತ್ತ ಮಂದಿ ಬರ್ತಾರ. ಅವ್ರಿಗೆ ಗೊತ್ತಾದ್ರ ಏನಂತಾರ್ರಿ? ಹೆಂಗಸರ ಕೆಲಸ ಮಾಡ್ತಾನಂತ ನಗ್ತಾರ."

ನನಗೆ ಬಂದ ಸಿಟ್ಟು ಈ ಸಲ ಯಾರ ಮೇಲೆ ಎಂದೇ ತಿಳಿಯಲಿಲ್ಲ. ಕಡ್ಡಿ ಎತ್ತಿ ಆಚೆ ಇಡದವರು ಎದೆ ಮುಂದೆ ಮಾಡಿ ಹೆಸರು ಬರೆಸುತ್ತಾರೆ. ಮಾಡುವ ಒಬ್ಬ ಗಂಡಸು ಸಿಕ್ಕರೆ ಬಾಚಣಿಗೆ ಬಚ್ಚಿಡುತ್ತಾನೆ. ಸಂಸ್ಥೆಯವರನ್ನು ಬಿಟ್ಟು ಹೆಸರು ಯಾರಿಗೂ ಗೊತ್ತಾಗುವುದಿಲ್ಲ ಎಂದು ಆಣೆ ಮಾಡಿ ಹೇಳಿದೆ. ಆತ ತಾಯಿಯ ಕಡೆ ನೋಡಿದ. ತಾಯಿ ಅರ್ಧ ಹೆಣೆದ ಜಡೆ ಹಿಡಿದು ಕಾಯುತ್ತಿದ್ದರು.

"ಆತು ಹಂಗಾದ್ರ ನನ್ನ ಹೆಸರ ಬರಕೊಳ್ರಿ. ಖರೆ ಸಣ್ಣ ಅಕ್ಷರದಾಗ ಬರೀರಿ."

ಖಾಲಿ ಇರುವವರು

ಎಲ್ಲ ಫಾರ್ಮುಗಳೂ ಚಿಕ್ಕೋಡಿಯ ನಮ್ಮ ಆಫೀಸಿಗೆ ಸೇರಿದವು. ಅಲ್ಲಿ ಅವನ್ನು ಪರೀಕ್ಷೆ ಮಾಡುವ ಸಾಹೇಬರು ಮೈಸೂರು ಕಡೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಮೃದು. ಒಂದು ದಿನ ಕರೆದರು.

"ಮೇಡಂ, ಜುಗೂಳದ ಈ ಫಾರ್ಮ್ ನೋಡಿ. ಒಬ್ಬ ಗಂಡಸು ಹೊಲಾನೂ ಮಾಡ್ತಾರೆ, ತಾಯಿಗೆ ದಿನಕ್ಕೆ ಹತ್ತೊಂಬತ್ತು ಗಂಟೆ ಸೇವೆನೂ ಮಾಡ್ತಾರೆ. ಸಾಧ್ಯಾನಾ?"

"ಸಾಧ್ಯ ಇಲ್ಲ ಸರ್. ಹೊಲ ಅವರದು, ಹತ್ತೊಂಬತ್ತು ತಾಸು ಅವರ ಹೆಂಡತೀದು."

"ಹೆಂಡತಿ ಆದ್ರೂ ಹತ್ತೊಂಬತ್ತು ಜಾಸ್ತಿ ಆಯ್ತಲ್ಲ. ನಿದ್ದೆ ಯಾವಾಗ ಮಾಡ್ತಾರೆ?"

"ಆ ಪ್ರಶ್ನೆ ನಿಮ್ಮ ಫಾರ್ಮಿನಲ್ಲಿ ಇಲ್ಲ ಸರ್."

ಅವರು ಬೇಸರ ಮಾಡಿಕೊಳ್ಳಲಿಲ್ಲ. ನಂಬುವುದಕ್ಕೆ ಆಗದ ಅಂಕಿಯನ್ನು ಸರಿಪಡಿಸುವ ನಿಯಮವಿದೆ ಎಂದು ಹತ್ತೊಂಬತ್ತನ್ನು ಅಳಿಸಿ ಎಂಟು ಮಾಡಿದರು. ದೇವರು ಇಪ್ಪತ್ತನಾಲ್ಕು ತಾಸು ಮಾಡುತ್ತಾನೆಂದರೆ ಮರುಮಾತಾಡದೆ ಒಪ್ಪಿಕೊಂಡ ಟ್ಯಾಬು, ಆಕೆಯ ಹನ್ನೊಂದು ತಾಸನ್ನು ಒಂದು ಗುಂಡಿ ಒತ್ತಿದ್ದೇ ತಡ ನುಂಗಿತು.

"ಸರ್, ಹೆಸರನ್ನಾದರೂ ತಿದ್ದಿ. ಇಡೀ ಭಾರ ಆಕೆ ಒಬ್ಬಳ ಮೇಲೆ ಇದೆ. ಸಹಾಯಕಿ ಆ ಮನೆಗೆ ಹೋಗಲೇಬೇಕು."

"ಯಜಮಾನರು ಸಹಿ ಮಾಡಿದ್ಮೇಲೆ ಹೆಸರು ತಿದ್ದೋಕೆ ಬರಲ್ಲ ಮೇಡಂ. ಆಮೇಲೆ ನೋಡಿ, ಆ ಮನೇಲಿ ನೋಡಿಕೊಳ್ಳೋರು ಮಗ. ಅವರ ಜೊತೆಗೆ ಇನ್ನೊಬ್ಬ ಹೆಂಗಸು, ಉದ್ಯೋಗ 'ಏನೂ ಇಲ್ಲ' ಅಂತ ಯಜಮಾನರೇ ಬರೆಸಿದ್ದಾರೆ. ಅಂದ್ರೆ ಅವರು ಖಾಲಿ ಇದ್ದಾರೆ. ಇಬ್ಬರಿರೋ ಮನೆಗೆ ಸಹಾಯಕಿ ಯಾಕೆ?"

ನನ್ನ ಕಿವಿಯಲ್ಲಿ ರೈಲು ಹೋಯಿತು. "ಸರ್, ಆ ಖಾಲಿ ಇರುವವರಿಗೆ ಎತ್ತಿ ಎತ್ತಿ ಹರ್ನಿಯಾ ಆಗಿದೆ! ಅದನ್ನೂ ಬರೆದಿದ್ದೇನೆ, ನೋಡಿ!"

"ನೋಡಿದೆ. ಅದನ್ನ ನೀವು ಕಾಯಿಲೆ ಕಾಲಂನಲ್ಲಿ ಹಾಕಿದ್ದೀರಿ. ಅದು ಹಿರಿಯರ ಕಾಲಂ. ಆಕೆಗೆ ಅರವತ್ತು ಆಗಿಲ್ಲ." ನನ್ನ ಮುಖ ನೋಡಿ ಅವರಿಗೂ ಮರುಕ ಬಂತೇನೋ. ಸಮಾಧಾನದ ದನಿಯಲ್ಲಿ, "ಆಗಲಿ ಮೇಡಂ, ಅರವತ್ತು ತುಂಬಲಿ. ಆಗ ಖಂಡಿತ ಸೇರಿಸೋಣ," ಎಂದರು.

ಹೆಸರಿದ್ದವರ ತರಬೇತಿ

ಸಹಾಯಕಿಯರ ಪಟ್ಟಿಯಲ್ಲಿ ಜುಗೂಳದ ಮನೆ ಬರಲಿಲ್ಲ. ಇನ್ನೊಂದು ಪಟ್ಟಿಯಲ್ಲಿ ಬಂತು. ಸಹಾಯಕಿ ಸಿಗದ ಮನೆಗಳಲ್ಲಿ ಯಾರು 'ಮುಖ್ಯ ಹೊಣೆ ನನ್ನದು' ಎಂದು ಸಹಿ ಮಾಡಿದ್ದಾರೋ ಅವರಿಗೆ ಕಾಗವಾಡದಲ್ಲಿ ಒಂದು ದಿನದ ತರಬೇತಿ. ಪತ್ರ ಮುಟ್ಟಿಸುವ ಕೆಲಸ ನನ್ನದು.

ಜುಗೂಳಕ್ಕೆ ಹೋದಾಗ ಯಜಮಾನರು ಪತ್ರ ಓದಿ ಖುಷಿಪಟ್ಟರು. ಶಾಲು ಗೀಲು ಹೊದಿಸುತ್ತಾರೇನು ಎಂದು ಕೇಳಿ, ಇಸ್ತ್ರಿಗೆ ಅಂಗಿ ಕೊಡಲು ಹೊರಟುಹೋದರು. ಸಹಾಯಕಿ ಬರುವುದಿಲ್ಲ ಎಂದು ಅವರ ಹೆಂಡತಿಗೆ ಹೇಳಿದೆ. ಆಕೆ ಪತ್ರ ತೆಗೆದುಕೊಂಡು ತಾನೇ ನಿಧಾನವಾಗಿ ಓದಿದಳು.

"ಅಕ್ಕಾರ, ಅತ್ತಿ ಹೊಣಿ ಇವ್ರದ ಅಂತ ಇವರ ಸಹಿ ಮಾಡ್ಯಾರಲ್ರಿ?"

"ಮಾಡ್ಯಾರವಾ. ದೊಡ್ಡದ ಮಾಡ್ಯಾರ."

"ತರಬೇತಿ ಎಷ್ಟಕ್ಕ ಮುಗೀತೈತ್ರಿ?"

"ಒಂದಕ್ಕ."

"ಹಾಂ," ಎಂದಳು. ಅಷ್ಟೆ.

ತರಬೇತಿಯ ದಿನ ಸಮುದಾಯ ಭವನದ ತುಂಬ ಗಂಡಸರು. ಇಸ್ತ್ರಿ ಅಂಗಿಗಳು, ಬಿಳೀ ಟೊಪ್ಪಿಗೆಗಳು. ಒಬ್ಬರಂತೂ ಅತ್ತರು ಹಚ್ಚಿಕೊಂಡು ಬಂದಿದ್ದರು. ವೇದಿಕೆಯ ಮೇಲೆ ಒಂದು ಮಂಚ, ಮಂಚದ ಮೇಲೆ ಮನುಷ್ಯಗಾತ್ರದ ಬೊಂಬೆ, ಪಕ್ಕದಲ್ಲಿ ದೊಡ್ಡವರಿಗೆ ಹಾಕುವ ಡೈಪರುಗಳ ರಾಶಿ. ಅದನ್ನು ಕಂಡು ಮೊದಲ ಸಾಲಿನವರು ಹಿಂದಿನ ಸಾಲಿಗೆ ಜರುಗತೊಡಗಿದರು. ಕಲಿಸಲು ಬಂದ ಸಿಸ್ಟರ್ ಮೂವತ್ತು ವರ್ಷ ದವಾಖಾನೆಯಲ್ಲಿ ದುಡಿದ ಹೆಂಗಸು, ಆಕೆಗೆ ಇಂಥ ಆಟ ಎಲ್ಲ ಗೊತ್ತು. ಪಟ್ಟಿ ನೋಡಿ ಮೊದಲನೇ ಹೆಸರು ಕೂಗಿದರು. ಜುಗೂಳದ ಯಜಮಾನರು ಅಂಗಿ ಜಗ್ಗಿಕೊಂಡು ಏರಿದರು.

"ದಿನಕ್ಕ ಎಂಟು ತಾಸು ತಾಯಿ ಸೇವಾ ಮಾಡ್ತೀರಂತ, ಬರ್ರಿ. ಇವ್ರು ನಿಮ್ಮ ಅವ್ವ ಅಂತ ತಿಳೀರಿ. ಲಕ್ವ ಯಾವ ಕಡಿಗಿ ಹೊಡದೈತಿ?"

"ಎಡಗಡಿಗಿ," ಎಂದರು ಯಜಮಾನರು. ಬೊಂಬೆ ನೋಡಿದರು. "ಅಲ್ಲ, ಬಲಗಡಿಗಿ." ಮಂಚದ ಆ ಕಡೆ ಹೋಗಿ ನಿಂತರು. "ಅದೇನಾಗ್ತೈತ್ರಿ ಸಿಸ್ಟರ್, ನಾವು ತಲಿ ಕಡಿ ನಿಂತ್ರ ಒಂದ ನಮೂನಿ, ಕಾಲ ಕಡಿ ನಿಂತ್ರ ಒಂದ ನಮೂನಿ."

ಭವನದಲ್ಲಿ ಕಿಸಕ್ಕೆಂದು ಯಾರೋ ನಕ್ಕರು. ಸಿಸ್ಟರ್ ನಗಲಿಲ್ಲ. "ಮನಿಗಿ ಫೋನ್ ಹಚ್ಚಿ ಕೇಳ್ರಿ. ಸ್ಪೀಕರ್ ಹಚ್ರಿ, ಎಲ್ಲಾರೂ ಕೇಳಲಿ."

ಯಜಮಾನರು ಫೋನ್ ಹಚ್ಚಿದರು. "ಏ, ಅವ್ವನ ಯಾವ ಕಡಿ ಬಿದ್ದೈತಿ?"

"ಬಲಗಡಿ. ಯಾಕ್ರಿ?" ಹಿಂದೆ ಯಾರೋ ಮರಾಠಿಯಲ್ಲಿ ಹೆಸರು ಕೂಗುವುದು ಕೇಳಿಸಿತು.

"ಎಲ್ಲಿದೀ ನೀ? ಏನದು ಗದ್ದಲಾ?"

"ಮಿರಜದಾಗ. ದವಾಖಾನ್ಯಾಗ ಅದೀನ್ರಿ. ನೀವು ಹೋದ ಮ್ಯಾಲ ನನ್ನ ತಮ್ಮ ಬಂದು ಕರಕೊಂಡ ಬಂದಾನ. ಅಡ್ಮಿಟ್ ಮಾಡ್ಕೊಂಡ್ರು, ನಾಳೆ ಮುಂಜಾನೆ ಆಪರೇಷನ್."

ಹಿಂದಿನ ಸಾಲಿಗೆ ಜರುಗಿದ್ದವರೂ ಕಿವಿ ಮುಂದೆ ಮಾಡಿದರು.

"ಆಪರೇಷನ್? ಮತ್ತ ಅವ್ವಾ?"

"ಬಾಜೂ ಮನಿ ಕಾಕೂ ಎರಡರ ತನಕಾ ಕೂತಿರ್ತಾಳ. ಆಮ್ಯಾಲ ಆಕೀ ಹೊಲಕ್ಕ ಹೋಗ್ತಾಳ. ಒಂದಕ್ಕ ನಿಮ್ಮ ತರಬೇತಿ ಮುಗೀತೈತಲ್ಲ, ಸಾವಕಾಶ ಬರ್ರಿ. ಗುಳಿಗಿ ಮುಂಜಾನೆ ಮೂರು, ಸಂಜಿಕ ಎರಡು. ಎರಡ ತಾಸಿಗೊಮ್ಮಿ ಮಗ್ಗಲಾ ಹಾಕ್ರಿ. ನಾ ಒಂದ ತಿಂಗಳಾ ಭಾರ ಎತ್ತೂ ಹಂಗಿಲ್ಲ." ಕೊನೆಗೆ, "ಸಹಿ ಮಾಡೀರಲ್ರಿ," ಎಂದಳು. ಫೋನ್ ಇಟ್ಟಳು.

ಯಜಮಾನರು ಗೋಡೆಯ ಗಡಿಯಾರ ನೋಡಿದರು. ಹನ್ನೊಂದೂವರೆ. ಬೊಂಬೆ ನೋಡಿದರು. ಇಸ್ತ್ರಿ ಅಂಗಿಯ ತೋಳನ್ನು ಮೊಣಕೈ ದಾಟಿಸಿ ಮಡಚಿದರು. ಅವರ ಬಾಯಿಂದ ಬಂದ 'ರಿ'ಯಲ್ಲಿ ಅಷ್ಟು ನಡುಕವನ್ನು ನಾನು ಎಂದೂ ಕೇಳಿರಲಿಲ್ಲ.

"ಸಿಸ್ಟರ್, ಲಗೂನ ಕಲಸ್ರಿ!"

ಸಿಸ್ಟರ್ ಕಲಿಸಲೆಂದು ಸಭೆಯ ಕಡೆ ತಿರುಗಿ ನೋಡಿದರೆ ಭವನದ ಕುರ್ಚಿಗಳೆಲ್ಲ ಖಾಲಿ. ನಾನು ಹೊರಗೆ ಓಡಿದೆ. ಅಂಗಳದ ತುಂಬ ಗಂಡಸರು ನಿಂತಿದ್ದರು. ಎಲ್ಲರ ಕಿವಿಗೂ ಫೋನು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ:

"ಏ, ನೀ ಮನ್ಯಾಗ ಅದೀಯಿಲ್ಲೊ?"